ಕೈಜಾರಿದ ಕ್ಯಾಚ್: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ, ಆಶೀರ್ವಾದಗಳು.

ಕನ್ನಡಕ ಬಂದ ಮೇಲೆ ಕ್ಯಾಚ್ ಹಿಡಿಯುವುದು ನಿನ್ನಿಂದಾಗದು ಎಂದು ಬರೆದಿದ್ದೀಯೆ. ನಿನ್ನ ಗೆಳತಿ ಕಳಿಸಿದ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಚೆಂಡು ಕಾಣಲಿಲ್ಲವೆಂಬ ಮಾತನ್ನು ನಾನು ಒಪ್ಪಲಾರೆ. ಅದು ಬರುವ ದಾರಿಗೆ ನೀನು ಸರಿಯಾಗಿಯೇ ಬಂದು ನಿಂತಿದ್ದೆ. ಆದರೆ ಚೆಂಡು ಎರಡು ಮಾರು ದೂರವಿರುವಾಗ ನಿನ್ನ ದೃಷ್ಟಿ ಅದನ್ನು ಬಿಟ್ಟು ಅಂಗೈಗಳ ಮೇಲೆ ಇಳಿಯಿತು. ಕಂಡದ್ದಕ್ಕೆ ಕೈ ಸ್ಪಂದಿಸಲು ಸುಮಾರು 0.2 ಸೆಕೆಂಡ್ ಬೇಕು. ಗಂಟೆಗೆ 72 ಕಿ.ಮೀ. ವೇಗದ ಚೆಂಡು ಅಷ್ಟರಲ್ಲಿ 4 ಮೀಟರ್ ಸಾಗಿರುತ್ತದೆ. ಅಂಗೈ ನೋಡಿ ತಿದ್ದಿಕೊಳ್ಳಲು ನಿನಗೆ ಹೊತ್ತೇ ಇರಲಿಲ್ಲ.

ಹೊಸಬರಿಗೆ ಕೈ ನೋಡುವ ಚಪಲ ಸಹಜ. 1982ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಚೆಂಡು ಕಾಣುವಂತೆ, ಹಿಡಿಯುವ ಕೈ ಮಾತ್ರ ಕಾಣದಂತೆ ಅಡ್ಡ ಮರೆಯಿಟ್ಟಾಗ, 20ರಲ್ಲಿ ಸರಾಸರಿ 17ಕ್ಕೂ ಹೆಚ್ಚು ಚೆಂಡುಗಳನ್ನು ಒಂಟಿ ಕೈಯಲ್ಲಿ ಹಿಡಿಯುತ್ತಿದ್ದವರು ಸುಮಾರು 9ಕ್ಕೆ ಇಳಿದರು. ಕೈ ಎಲ್ಲಿದೆಯೆಂದು ಕೀಲು, ಸ್ನಾಯುಗಳು ಮಿದುಳಿಗೆ ಸದಾ ತಿಳಿಸುತ್ತಲೇ ಇರುತ್ತವೆ; ಆ ಸುದ್ದಿಯನ್ನೇ ನೆಚ್ಚಿಕೊಳ್ಳುವಷ್ಟು ಪಳಗದವರಿಗೆ ಕಣ್ಣಿನ ಸಾಕ್ಷಿಯೂ ಬೇಕಾಗುತ್ತದೆ.

ನಮ್ಮ ಎದುರು ಮನೆಗೆ ಮಹಡಿ ಏರುತ್ತಿದೆ. ಕೆಳಗಿನವನು ಎಸೆದ ಇಟ್ಟಿಗೆ ಏರಿ ಏರಿ ವೇಗ ಕಳೆದುಕೊಳ್ಳುವ ಕ್ಷಣದಲ್ಲಿ, ಸಾರುವೆಯ ಮೇಲಿನ ಹಳೆಯ ಕೆಲಸಗಾರ ಅದನ್ನು ಹೂವಿನಂತೆ ತೆಗೆದುಕೊಳ್ಳುತ್ತಾನೆ; ಅವನ ಕಣ್ಣು ಆಗಲೇ ಮುಂದಿನ ಇಟ್ಟಿಗೆಯ ಮೇಲಿರುತ್ತದೆ. ಕೆಲಸಕ್ಕೆ ಸೇರಿ ವಾರವಾದ ಹುಡುಗ ಮಾತ್ರ ಪ್ರತಿ ಸಲವೂ ಅಂಗೈ ನೋಡಿಕೊಂಡು ಬೆರಳ ತುದಿಗೆ ಪೆಟ್ಟು ತಿನ್ನುತ್ತಾನೆ. (ಬೆಳಗಿನ ಕಾಫಿ ಲೋಟ ಹಿಡಿದು ಇದನ್ನೇ ನೋಡುತ್ತ ನಿಲ್ಲುತ್ತೇನೆಂದು ನಿನ್ನ ಅಮ್ಮನಿಗೆ ಸಿಟ್ಟು.)

ದೃಷ್ಟಿಯ ಕೊರತೆ ಲೆಕ್ಕಕ್ಕಿಲ್ಲವೆಂದು ನಾನು ಹೇಳುತ್ತಿಲ್ಲ. ಕ್ರಿಕೆಟಿಗ ಮನ್ಸೂರ್ ಅಲಿ ಖಾನ್ ಪಟೌಡಿ 1961ರ ಜುಲೈನಲ್ಲಿ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡ ಮೇಲೆ, ಲೋಟಕ್ಕೆ ಬಗ್ಗಿಸಿದ ನೀರು ಮೇಜಿನ ಮೇಲೆ ಬೀಳುತ್ತಿತ್ತಂತೆ. ಅಂಥವರು ಅದೇ ಡಿಸೆಂಬರ್‌ನಲ್ಲಿ ಮೊದಲ ಟೆಸ್ಟ್ ಆಡಿದರು. ಮೈದಾನದ ಕವರ್ ಎಂಬ ಜಾಗದಲ್ಲಿ ಅವರ ಫೀಲ್ಡಿಂಗ್‌ಗೆ ದೊಡ್ಡ ಹೆಸರಿತ್ತು. ನಿನಗೆ ಎರಡೂ ಕಣ್ಣಿವೆ, ಕನ್ನಡಕದ ಪವರೂ ಸರಿಯಾಗಿದೆ.

ದಸರಾ ರಜೆಗೆ ಬಂದಾಗ ಹಳೆಯ ಟೆನ್ನಿಸ್ ಚೆಂಡು ಹುಡುಕಿಡುತ್ತೇನೆ. ಅಮ್ಮ ನಿನ್ನ ಗಲ್ಲದ ಕೆಳಗೆ ಕೈ ಕಾಣದಂತೆ ಒಂದು ರಟ್ಟನ್ನು ಅಡ್ಡ ಹಿಡಿಯಲಿ, ನಾನು ಎಸೆಯುತ್ತೇನೆ. ಮೊದಲ ದಿನ ಎಷ್ಟು ಬೀಳುತ್ತವೆ ಎಂದು ಎಣಿಸುವುದು ಬೇಡ.

ನಿನ್ನ,
ಅಪ್ಪ