ಹಗೇವಿನಿಂದ ಶುರು ಮಾಡು

ಚಿರಂಜೀವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಮ್ಮೂರಿನ ಚರಿತ್ರೆ ಬರೆಯುವೆನೆಂದು ನೀನು ಬರೆದ ಪತ್ರ ಓದಿ ಮನಸ್ಸು ತುಂಬಿ ಬಂತು. ಮಳಖೇಡದ ರಾಷ್ಟ್ರಕೂಟರಿಂದ ಆರಂಭಿಸಲೋ, ಸನ್ನತಿಯ ಅಶೋಕನ ಶಾಸನದಿಂದಲೋ ಎಂದು ಕೇಳಿದ್ದೀಯ. ಎರಡೂ ನಮ್ಮ ಕಲಬುರಗಿ ಸೀಮೆಯ ಹೆಮ್ಮೆಯೇ. ಸನ್ನತಿಯಂತೂ ನಮ್ಮ ಭೀಮೆಯ ದಂಡೆಯಲ್ಲೇ ಇದೆ. ಅವುಗಳ ಬಗ್ಗೆ ವಿದ್ವಾಂಸರು ಬರೆದಿದ್ದಾರೆ, ಮುಂದೆಯೂ ಬರೆಯುತ್ತಾರೆ. ನಮ್ಮ ಹೊಲಗಳ ಬಗ್ಗೆ ನೀನು ಬರೆಯದಿದ್ದರೆ ಬರೆಯುವವರು ಯಾರೂ ಇಲ್ಲ. ಆದ್ದರಿಂದ ಹಗೇವಿನಿಂದ, ಅಂದರೆ ನೆಲದೊಳಗೆ ಜೋಳ ಕೂಡಿಡುತ್ತಿದ್ದ ಗುಂಡಿಯಿಂದ, ಶುರು ಮಾಡು.

ಹನುಮಪ್ಪನ ಗುಡಿಯ ಹಿಂದಿನ ಎತ್ತರದ ಗಟ್ಟಿ ನೆಲದಲ್ಲಿ ಬಾಯಿ ಮುಚ್ಚಿದ ಹಗೇವುಗಳು ಇಂದಿಗೂ ಇವೆ. ಒಳಗೆ ಸುತ್ತಲೂ ಹುಲ್ಲು ಹೊದಿಸಿ, ಹಿಂಗಾರಿ ಬಿಳಿಜೋಳ ತುಂಬಿ, ಮೇಲೆ ಕಲ್ಲಿಟ್ಟು ಮಣ್ಣು ಮೆತ್ತುತ್ತಿದ್ದರು. 1972ರ ಬರದಲ್ಲಿ ನಮ್ಮ ಮನೆಯ ಹಗೇವು ತೆಗೆದ ದಿನ ನಾನು ಅಲ್ಲೇ ನಿಂತಿದ್ದೆ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಹಳ ಹೊತ್ತು ಕಾದು, ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿಯುವುದನ್ನು ಕಂಡ ಮೇಲೆಯೇ ನಮ್ಮಪ್ಪ ಆಳನ್ನು ಕೆಳಗಿಳಿಸಿದರು. ಮೊದಲ ಬುಟ್ಟಿಯ ಜೋಳ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ನಮ್ಮವ್ವ ಅದನ್ನು ಬಿಸಿಲಿಗೆ ಹರವಿ, ಬೀಸಿ, ರೊಟ್ಟಿ ಬಡಿದಳು. ನೀರು ಜಿನುಗದ ಆ ಜಾಗವನ್ನು ಹಿರಿಯರು ಎಷ್ಟು ನೋಡಿ ಆರಿಸಿದ್ದರೆಂದರೆ, 2020ರ ಅಕ್ಟೋಬರ್ ಪ್ರವಾಹದಲ್ಲಿ ಕೆಳಗೇರಿಯ ಮನೆಗಳೆಲ್ಲ ಮುಳುಗಿದರೂ ಹೊಳೆ ಅಲ್ಲಿಯವರೆಗೆ ಏರಲಿಲ್ಲ.

ಆ ಕೆಳಗೇರಿಯಲ್ಲಿ ಯಾರು, ಏಕೆ ಮನೆ ಕಟ್ಟಿಕೊಳ್ಳಬೇಕಾಯಿತು ಎಂಬುದನ್ನು ಬಿಡದೆ ಬರೆ. ಕಂದೀಲಿನ ಹಿಂದೆ ಕೆಳಗಿಳಿದವನು ನಮ್ಮ ಮನೆಯ ಜೀತದಾಳು. 1976ರಲ್ಲಿ ಜೀತ ರದ್ದತಿ ಕಾಯ್ದೆ ಬಂದಾಗಲೂ ಅವನ ಸಾಲ ತೀರಿದೆ ಎಂದು ನಮ್ಮಲ್ಲಿ ಯಾರೂ ತಾವಾಗಿ ಹೇಳಲಿಲ್ಲ. ಮನೆತನದ ಮರ್ಯಾದೆಯೆಂದು ಇದನ್ನು ಮುಚ್ಚಿಡಬೇಡ. ನಾನೇ ನಿನಗೆ ಅಪ್ಪಣೆ ಕೊಡುತ್ತಿದ್ದೇನೆ.

ನಿಜಾಮರ ಕಾಲದ ಕಾಗದಗಳು ಉರ್ದುವಿನಲ್ಲಿವೆ, ಬಲ್ಲವರಿಂದ ಓದಿಸು. ಅವುಗಳಲ್ಲಿರುವುದು ಕಂದಾಯ ಲೆಕ್ಕದ ಫಸಲಿ ವರ್ಷ. 590 ಕೂಡಿಸಿದರೆ ಇಸವಿ ಸಿಗುತ್ತದೆ, ತಿಂಗಳು ನೋಡಿ ಒಂದು ವರ್ಷ ಹೆಚ್ಚಾಗಬಹುದು. ನಿಜಾಮರ ಸೀಮೆಯನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರ್ ಪೊಲೀಸ್ ಕಾರ್ಯಾಚರಣೆಯ ವಿಷಯಕ್ಕೆ ಬಂದಾಗ ಮಾತ್ರ ನಿಧಾನಿಸು. ಅದಕ್ಕೂ ಮೊದಲು ನಿಜಾಮನ ಪರ ನಿಂತ ಸಶಸ್ತ್ರ ರಜಾಕಾರರಿಂದ ನೊಂದವರ ಮನೆಯಲ್ಲೂ, ಅದರ ನಂತರ ನೊಂದ ಮುಸಲ್ಮಾನರ ಮನೆಯಲ್ಲೂ ಕುಳಿತು ಕೇಳಿಸಿಕೊಂಡ ಮೇಲೆಯೇ ಬರೆ. 1974ರ ಭೂಸುಧಾರಣೆಯಲ್ಲಿ ಯಾರ ಹೊಲ ಯಾರಿಗೆ ಬಂತೆಂಬುದಕ್ಕೆ ಪಹಣಿಯಿದೆ, ಅದು ಕಷ್ಟವಲ್ಲ. ಕಷ್ಟವಿರುವುದು ಹೊಲಗಳ ಹೆಸರುಗಳಲ್ಲಿ. ಪಹಣಿಯಲ್ಲಿ ಬರೀ ಸರ್ವೆ ನಂಬರು ಇರುತ್ತದೆ. ಬನ್ನಿಗಿಡದ ಹೊಲ ಯಾವುದು, ತೊಗರಿ ಬಿತ್ತುವ ಮುಂಚೆ ಅಲ್ಲಿ ಏನೇನು ಬೆಳೆಯುತ್ತಿದ್ದರು ಎಂದು ಹೇಳಬಲ್ಲವರು ಈಗ ಊರಲ್ಲಿ ನಾಲ್ವರೇ ಉಳಿದಿದ್ದೇವೆ.

ಎಳ್ಳಮಾವಾಸ್ಯೆಗೆ ಎರಡು ದಿನ ಮೊದಲೇ ಬಾ. ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ನಾಲ್ವರೂ ಹೊಲಕ್ಕೆ ಹೋಗುತ್ತೇವೆ. ನೋಟ್‌ಬುಕ್ ಹಿಡಿದು ನಮ್ಮ ಜೊತೆ ಬದುವಿನ ಮೇಲೆ ನಡೆ. ಕಾಗದಗಳ ಗಂಟನ್ನು ನಿನ್ನ ದೊಡ್ಡವ್ವ ಈಗಾಗಲೇ ಪೆಟ್ಟಿಗೆಯಿಂದ ತೆಗೆದಿಟ್ಟಿದ್ದಾಳೆ.

ಇಂತಿ,
ನಿನ್ನ ದೊಡ್ಡಪ್ಪ