ಮಿನ್ಮೇ ಪಾರ್ಟಿಯವನಿಂದ ಮಿಸಾ ಪಾರ್ಟಿಯವನಿಗೆ

ಲೋ ಮಗಾ,

ಇದನ್ನ ವಾಟ್ಸಾಪಲ್ಲೇ ಬರೀಬೋದಿತ್ತು, ಆದ್ರೆ ನೀನು ಟಿಕ್ಕು ನೀಲಿ ಮಾಡಿ ವಾರಗಟ್ಲೆ ಮಾಯ ಆಗೋ ಗಿರಾಕಿ. ಇಲ್ಲಿ ಹಾಕಿದ್ರೆ ನಾಲ್ಕು ಜನರ ಮುಂದೆ ಮರ್ಯಾದೆಗಾದ್ರೂ ಉತ್ತರ ಕೊಡ್ತೀಯ. ಓದ್ತಿರೋ ಮಿಕ್ಕೋರಿಗೆ ನಮಸ್ಕಾರ, ಆರಾಮಾಗಿ ಕೂತ್ಕೊಳಿ, ಮಧ್ಯ ಏನಾದ್ರೂ ಅರ್ಥ ಆಗ್ಲಿಲ್ಲ ಅಂದ್ರೆ ನಿಮ್ಮ ತಪ್ಪಲ್ಲ.

ಮ್ಯಾಕ್ರಾಸ್, ಅದೇ ನಮ್ಮ ಜಪಾನೀ ಅನಿಮೆ, ಮತ್ತೆ ನೋಡ್ದೆ ಕಣೋ. ಸೀರಿಯಲ್ ಅಲ್ಲ, 1984ರ ಸಿನಿಮಾ, 'ಡು ಯು ರಿಮೆಂಬರ್ ಲವ್'. ಯಾಕ್ ಡೆಕಲ್ಚರ್! (ಅದರಲ್ಲಿರೋ ದೈತ್ಯರು ದಂಗಾದಾಗ ಕೂಗೋ ಮಾತು.) ಹಾಸ್ಟೆಲ್ ಲ್ಯಾನಲ್ಲಿ ಯಾವನೋ ಪುಣ್ಯಾತ್ಮ ಶೇರ್ ಮಾಡಿದ್ದ ಆ ಮಸುಕು ಪ್ರಿಂಟಲ್ಲ, ಚೊಕ್ಕ ಪ್ರಿಂಟು. ಆಗ ನಾವು ಕೊಳೆ ಅಂದ್ಕೊಂಡು ಸ್ಕ್ರೀನ್ ಒರೆಸ್ತಿದ್ವಲ್ಲ, ಆ ಜಾಗದಲ್ಲೆಲ್ಲ ಒಂದೊಂದು ಹಡಗಿದೆ ಮಾರಾಯಾ, ಒಬ್ಬೊಬ್ಬರು ಕೈಯಲ್ಲಿ ಕೂತು ಬರೆದಿರೋ ಹಡಗು. ಶೋಜಿ ಕವಾಮೊರಿಗೆ ಆಗ 24 ವರ್ಷ. ನೊಬೊರು ಇಶಿಗುರೋ ಜೊತೆ ಸೇರ್ಕೊಂಡು ಡೈರೆಕ್ಟ್ ಮಾಡಿದ್ದಾನೆ. 24ಕ್ಕೆ ನಾವೇನ್ ಮಾಡ್ತಿದ್ವಿ ಅಂತ ಇಲ್ಲಿ ಬೇಡ, ನಿನ್ನ ಹೆಂಡ್ತೀನೂ ಓದ್ತಾಳೆ.

ಗೊತ್ತಿಲ್ದೋರಿಗೆ ಒಂದೇ ಉಸಿರಲ್ಲಿ ಕತೆ ಹೇಳ್ಬಿಡ್ತೀನಿ. ಜೆಂಟ್ರಾಡಿ ಅಂತ ದೈತ್ಯ ಗಂಡಸರು, ಮೆಲ್ಟ್ರಾಂಡಿ ಅಂತ ದೈತ್ಯ ಹೆಂಗಸರು, ಇಬ್ಬರಿಗೂ ಯಾವ ಕಾಲದಿಂದ್ಲೋ ಯುದ್ಧ, ಯುದ್ಧ ಬಿಟ್ರೆ ಬೇರೇನೂ ಗೊತ್ತಿಲ್ಲ, ಹಾಡು ಅಂದ್ರೆ ಏನಂತಾನೇ ಗೊತ್ತಿಲ್ಲ. ಇವರಿಬ್ಬರ ಮಧ್ಯ ಸಿಕ್ಕಾಕೊಂಡಿರೋದು ಮ್ಯಾಕ್ರಾಸ್ ಅನ್ನೋ ಹಡಗು, ಅದರ ಹೊಟ್ಟೆಯಲ್ಲಿ ಒಂದು ಇಡೀ ಊರು, ಆ ಊರಲ್ಲಿ ಲಿನ್ ಮಿನ್ಮೇ ಅಂತ ಹಾಡೋ ಹುಡುಗಿ, ಅವಳನ್ನ ಕಾಪಾಡೋ ಪೈಲಟ್ ಹಿಕಾರು, ಅವನ ಮೇಲಿನ ಆಫೀಸರ್ ಮಿಸಾ. ಕೊನೆಗೆ ಮಿನ್ಮೇ ಹಾಡ್ತಾಳೆ, ಯುದ್ಧ ನಿಲ್ಲತ್ತೆ. ಆ ಹಾಡಿನ ಸಾಹಿತ್ಯ ಕಾಜುಮಿ ಯಾಸುಯಿ, ಸಂಗೀತ ಕಾಜುಹಿಕೊ ಕಾಟೊ, ನಿಜ ಜೀವನದಲ್ಲಿ ಗಂಡ ಹೆಂಡ್ತಿ. ಗಂಡಸರು ಹೆಂಗಸರು ಹೊಡೆದಾಡೋ ಪಿಕ್ಚರ್‌ಗೆ ಗಂಡ ಹೆಂಡ್ತಿ ಸೇರಿ ಹಾಡು ಮಾಡಿದ್ದಾರೆ ನೋಡು.

ಸರಿ, ನಮ್ಮ ಹಳೇ ಜಗಳಕ್ಕೆ ಬರೋಣ. ಈ ಸಿನಿಮಾ ನೋಡಿದೋರನ್ನ ಯಾರನ್ನ ಬೇಕಾದ್ರೂ ಕೇಳು, ಜಪಾನಿನವನಾಗ್ಲಿ ಬ್ರೆಜಿಲ್‌ನವನಾಗ್ಲಿ ಮಂಡ್ಯದವನಾಗ್ಲಿ, ಮೊದಲ ಮಾತು, ಹಿಕಾರುಗೆ ಸರಿಯಾದ ಜೋಡಿ ಮಿನ್ಮೇನಾ ಮಿಸಾನಾ. ನಿಮ್ಮ ಮಿಸಾ ಪಾರ್ಟಿಯೋರ ವಾದ ಗೊತ್ತಿರೋದೇ: ಮಿನ್ಮೇ ಸ್ವಾರ್ಥಿ, ಅವಳಿಗೆ ಚಪ್ಪಾಳೆ ಬೇಕು, ಮಿಸಾ ಕಷ್ಟದಲ್ಲಿ ಜೊತೆಗೆ ನಿಂತೋಳು. ನಮ್ಮ ಪಾರ್ಟಿಯೋರ ಉತ್ತರಾನೂ ಅಷ್ಟೇ ಹಳೇದು: ಮನಸ್ಸು ಮುರಿದು ಕೂತಿರೋ ಹುಡುಗಿ ಕೈಲಿ ಹಾಡಿಸಿ ಪ್ರಪಂಚ ಉಳಿಸ್ಕೊಂಡ್ರಿ, ಅವಳಿಗೆ ಕೊಟ್ಟಿದ್ದೇನು? ಇನ್ನೊಂದು ಗುಂಪಿದೆ, ಅವರಿಗೆ ಹುಡುಗೀರು ಬೇಡ, ಬರೀ ಚಿತ್ರ ಬಿಡಿಸಿರೋದರ ಮೇಲೆ ಗಂಟೆಗಟ್ಲೆ ಮಾತಾಡ್ತಾರೆ. ಮತ್ತೊಂದು ಗುಂಪು, ಇದು ಇನ್ನೂ ಮಜಾ, ಇಡೀ ಸಿನಿಮಾನೇ ನಿಜ ಅಲ್ಲ ಅನ್ನೋರು. ಯಾಕಂದ್ರೆ ಆಮೇಲೆ ಬಂದ ಮ್ಯಾಕ್ರಾಸ್ ಕತೆಗಳ ಪ್ರಕಾರ ಇದು ಆ ಪ್ರಪಂಚದೊಳಗೇ 2031ರಲ್ಲಿ ತೆಗೆದ ಸಿನಿಮಾ. ಅಂದ್ರೆ ಗೆದ್ದೋರು ತಮ್ಮ ಯುದ್ಧದ ಮೇಲೆ ತಾವೇ ಮಾಡ್ಕೊಂಡಿರೋ ಪಿಕ್ಚರ್. ಆಗ ಇದನ್ನ ಕೇಳಿ ನಕ್ಕಿದ್ವಿ. ಈಗ ಅಷ್ಟು ನಗು ಬರ್ಲಿಲ್ಲ.

ಯಾಕಂದ್ರೆ ಈ ಸಲ ನಂಗೆ ಕಣ್ಣಿಗೆ ಚುಚ್ಚಿದ್ದು ಭೂಮಿ. ನೆನಪಿದ್ಯಾ, ಹಿಕಾರು ಮಿಸಾ ಇಬ್ಬರೂ ಶತ್ರು ಕೈಯಿಂದ ತಪ್ಪಿಸ್ಕೊಂಡು ಭೂಮಿಗೆ ವಾಪಸ್ ಬರ್ತಾರೆ, ಬಂದು ನೋಡಿದ್ರೆ ಇಲ್ಲಿ ಏನೂ ಇಲ್ಲ. ಎಲ್ಲಾ ಸುಟ್ಟು ಹೋಗಿದೆ. ಟಿವಿ ಸೀರಿಯಲ್ಲಲ್ಲಿ ಆ ದಾಳೀನಾದ್ರೂ ತೋರಿಸ್ತಾರೆ, ಸಿನಿಮಾದಲ್ಲಿ ಅದೂ ಇಲ್ಲ, ನಾವು ಮಿನ್ಮೇ ಕಡೆ ನೋಡ್ಕೊಂಡು ಕೂತಿರೋವಾಗ ಹಿಂದೆ ಎಲ್ಲೋ ಭೂಮಿ ಸತ್ತು ಹೋಗಿರತ್ತೆ. ಕೋಟಿಗಟ್ಲೆ ಜನ. ಹಿಕಾರು ಬೆಚ್ಚಿ ಬೀಳ್ತಾನೆ, ಮಿಸಾ ಅಳ್ತಾಳೆ, ಆಮೇಲೆ ಆ ಪಾಳುಬಿದ್ದ ಹಳೇ ಅನ್ಯಗ್ರಹದೋರ ಊರಲ್ಲಿ ಒಡೆದ ಮನೆಯೊಳಗೆ ಮಿಸಾ ತಟ್ಟೆ ಲೋಟ ಜೋಡಿಸ್ತಾಳಲ್ಲ, ಊಟಕ್ಕೆ ಯಾರೋ ಬರೋರಿದ್ದಾರೆ ಅನ್ನೋ ಥರ? ಅಲ್ಲಿ ಊಟಾನೇ ಇಲ್ಲ. ನೀನು ಮಿಸಾ ಪಾರ್ಟಿ ಸೇರಿದ್ದು ಆ ಸೀನಿಂದ ಅಂತ ನಂಗೆ ಗೊತ್ತು. ಸಿನಿಮಾದಲ್ಲಿ ಭೂಮಿಗಂತ ಯಾರಾದ್ರೂ ಸೂತಕ ಮಾಡಿದ್ರೆ ಅದೊಂದೇ ಸೀನು. ನಾನು ಆ ಸೀನಲ್ಲಿ, ಹೇಳ್ತೀನಿ ಕೇಳು, ಮಿನ್ಮೇ ಯಾವಾಗ ಬರ್ತಾಳೋ ಅಂತ ಕಾಯ್ತಿದ್ದೆ.

ಆಮೇಲೆ ಆ ಕಪಾಳಮೋಕ್ಷ. ಮಿಕ್ಕೋರೆಲ್ಲ ಸತ್ತು ನಾವಿಬ್ಬರೇ ಉಳ್ಕೊಂಡ್ರೆ ಸಾಕಿತ್ತು ಅನ್ನೋ ಅರ್ಥದಲ್ಲಿ ಮಿನ್ಮೇ ಒಂದು ಮಾತಾಡ್ತಾಳೆ, ಹಿಕಾರು ಕೆನ್ನೆಗೆ ಹೊಡೀತಾನೆ. ಹೊಡೆದಿದ್ದು ಸರಿನಾ ತಪ್ಪಾ ಅಂತ ನೋಡಿದೋರು ಇವತ್ತಿಗೂ ಕಿತ್ತಾಡ್ತಾರೆ, ನನ್ನ ಕೇಳಿದ್ರೆ ಹೊಡೆದಿದ್ದು ಅಸಹ್ಯ, ಅದರಲ್ಲಿ ವಾದ ಇಲ್ಲ. ಆದ್ರೆ ಆ ಮಾತು ಯಾರದ್ದು ಗುರು? ಆ ಹೊತ್ತಿಗೆ ಭೂಮಿ ಸತ್ತಾಗಿದೆ, ನಾವು ಟಿಶ್ಯೂ ಹಿಡ್ಕೊಂಡು ಇವನು ಯಾರನ್ನ ಆರಿಸ್ಕೊಳ್ತಾನೆ ಅಂತ ಕೂತಿದೀವಿ. ಮಿಕ್ಕೋರು ಸತ್ರೂ ಪರ್ವಾಗಿಲ್ಲ ಅಂತ ನಾವು ಅಷ್ಟೊತ್ತಿಗೆ ಒಪ್ಕೊಂಡು ಆಗಿದೆ. ಅವಳು ಬಾಯಿಬಿಟ್ಟು ಹೇಳಿದ್ಲು, ಏಟು ತಿಂದ್ಲು, ನಾವು ಸುಮ್ನಿದ್ದು ಬಚಾವ್.

ಇನ್ನು ಕ್ಲೈಮ್ಯಾಕ್ಸು. ಹಾಡಿನಿಂದ ಯುದ್ಧ ನಿಂತುಹೋಯ್ತು ಅಂತ ಎಲ್ಲರೂ ಹೇಳ್ತಾರೆ, ನಾನೂ ಎಷ್ಟು ಜನರಿಗೆ ಹಂಗೇ ಹೇಳಿ ಸಿನಿಮಾ ತೋರಿಸಿದೀನಿ. ಸೌಂಡ್ ಮ್ಯೂಟ್ ಮಾಡಿ ನೋಡು ಒಂದ್ಸಲ. ಇಡೀ ಸಿನಿಮಾದಲ್ಲಿ ಅತಿ ಹೆಚ್ಚು ಗುಂಡು ಹಾರೋದು ಆ ಹಾಡು ನಡೀತಿರೋವಾಗ್ಲೇ. ಜೆಂಟ್ರಾಡಿ ಕಮಾಂಡರ್ ಬ್ರಿಟಾಯ್ ಕಡೆಯೋರು ನಮ್ಮ ಮನುಷ್ಯರ ಪಕ್ಷಕ್ಕೆ ಬರ್ತಾರೆ ನಿಜ, ಬಂದು ಏನ್ ಮಾಡ್ತಾರೆ, ನಮ್ಮ ಜೊತೆ ಸೇರಿ ಅವರದೇ ದೊಡ್ಡ ದಣಿ ಬೊಡೋಲ್ಜಾ ಮೇಲೆ ಹೊಡೀತಾರೆ. ಹಿಕಾರು ಒಳಗೆ ನುಗ್ಗಿ ಇದ್ದಬದ್ದ ಮಿಸೈಲೆಲ್ಲ ಖಾಲಿ ಮಾಡ್ತಾನೆ, ಅದೂ ತಾಳಕ್ಕೆ ಸರಿಯಾಗಿ. ಆ ಮಿಸೈಲ್‌ಗಳು ಶ್ಯಾವಿಗೆ ಒರಳಿಂದ ಇಳಿಯೋ ಎಳೆ ಥರ ಒಂದರೊಳಗೊಂದು ಸುತ್ಕೊಂಡು ಬರ್ತವಲ್ಲ, ಇಟಾನೋ ಸರ್ಕಸ್ ಅಂತಾರೆ ಅದಕ್ಕೆ, ಅದರ ಕತೆ ಗೊತ್ತಾ? ಅದನ್ನ ಬಿಡಿಸಿದ ಅನಿಮೇಟರ್ ಇಚಿರೋ ಇಟಾನೋ ಹುಡುಗನಾಗಿದ್ದಾಗ ಬೈಕಿಗೆ ಪಟಾಕಿ ರಾಕೆಟ್ ಕಟ್ಕೊಂಡು ಹಚ್ಚಿ ಓಡಿಸ್ತಿದ್ನಂತೆ, ಪಕ್ಕದಲ್ಲಿ ಹಾರಿ ಹೋಗೋ ಹೊಗೆ ಗೆರೆ ಹಂಗೇ ಕಣ್ಣಲ್ಲಿ ಉಳೀತು. ಬದುಕಿದ್ದೇ ಪುಣ್ಯ. ಅವನು ಆ ಸುಖಾನ ಪೇಪರ್ ಮೇಲೆ ಇಳಿಸಿದ್ದಾನೆ, ಅದಕ್ಕೇ ನಮಗೆ ಆ ಮಿಸೈಲ್ ನೋಡಿದ್ರೆ ಭಯ ಆಗಲ್ಲ, ಮೈ ಜುಮ್ ಅನ್ನತ್ತೆ.

ಮೈ ಜುಮ್ ಅನ್ನೋ ವಿಷಯಾನೇ ಹೇಳ್ಬೇಕಿತ್ತು ನಿಂಗೆ.

2025ರ ಮೇ ತಿಂಗಳ ಆ ರಾತ್ರಿ, ನೀನಿದ್ದ ಜಮ್ಮು ಮೇಲೆ ಡ್ರೋನ್ ಬಂದಾಗ, ಊರೆಲ್ಲ ಕರೆಂಟ್ ತೆಗೆದಿದ್ರಲ್ಲ, ನಿನ್ನ ಫೋನ್ ಹತ್ತುತಾ ಇರ್ಲಿಲ್ಲ. ನಿಮ್ಮಮ್ಮ ನಂಗೆ ಫೋನ್ ಮಾಡಿದ್ರು, ಅವನು ನಿಂಗಾದ್ರೂ ಸಿಕ್ಕಿದ್ನಾ ಅಂತ. ಏನಾಗಲ್ಲ ಅಮ್ಮ, ನೆಟ್‌ವರ್ಕ್ ಇರಲ್ಲ ಅಷ್ಟೇ, ನಮ್ಮೋರು ಎಲ್ಲಾ ಹೊಡೆದು ಹಾಕ್ತಿದ್ದಾರೆ ಅಂತ ಧೈರ್ಯ ಹೇಳ್ತಿದ್ದೆ. ಇಷ್ಟು ನಿಂಗೆ ಅವ್ರೇ ಹೇಳಿರ್ತಾರೆ, ಒಳ್ಳೆ ಹುಡುಗ ಅಂತಾನೂ ಅಂದಿರ್ತಾರೆ. ಅವ್ರಿಗೆ ಗೊತ್ತಿಲ್ದೇ ಇರೋದು ಏನಂದ್ರೆ, ಮಾತಾಡ್ತಾ ಮಾತಾಡ್ತಾ ನಾನು ಟಿವಿ ಮ್ಯೂಟ್ ಮಾಡ್ಕೊಂಡು ನೋಡ್ತಿದ್ದೆ. ಕಪ್ಪು ಆಕಾಶ, ಕೆಂಪು ಚುಕ್ಕಿಗಳು ಸಾಲಾಗಿ ಮೇಲಕ್ಕೆ ಹೋಗಿ ಅಲ್ಲೊಂದು ಬೆಳಕು. ತಲೆಯೊಳಗೆ ಆ ಹಾಡು ಶುರುವಾಯ್ತು ಕಣೋ, ನಾನೇನ್ ಕರೀಲಿಲ್ಲ, ತಾನೇ ಬಂತು. ಆಮೇಲೆ ಆಕಾಶ ಸ್ವಲ್ಪ ಹೊತ್ತು ಖಾಲಿ ಆಯ್ತು. ನಾನು ಇನ್ನೊಂದು ಬರ್ಲಿ ಅಂತ ಕಾಯ್ತಿದ್ದೆ. ಕಿವಿಯಲ್ಲಿ ನಿಮ್ಮಮ್ಮ ಅಳ್ತಿದ್ರು, ನೀನು ಆ ಆಕಾಶದ ಕೆಳಗೇ ಎಲ್ಲೋ ಇದ್ದೆ, ಅದೂ ನಂಗೆ ಗೊತ್ತಿತ್ತು, ಹೆದರಿಕೆನೂ ನಿಜವಾಗ್ಲೂ ಇತ್ತು, ಎರಡೂ ಒಟ್ಟಿಗೇ ಇತ್ತು. ಒಂದು ಇನ್ನೊಂದನ್ನ ಆಚೆ ತಳ್ತದೆ ಅಂದ್ಕೊಂಡಿದ್ದೆ. ತಳ್ಳಲಿಲ್ಲ.

ಬೆಳಿಗ್ಗೆ ನಿನ್ನ ಮೆಸೇಜ್ ಬಂತು, 'ಸೇಫ್, ಪಟಾಕಿ ಥರ ಇತ್ತು' ಅಂತ. ನಾನು ಥಂಬ್ಸ್ ಅಪ್ ಹಾಕ್ದೆ.

ಸರಿ ಬಿಡು, ಇದು ಎಲ್ಲಿಂದ ಎಲ್ಲಿಗೋ ಹೋಯ್ತು, ನಾನು ಬರೆಯೋಕೆ ಕೂತಿದ್ದು ಮಿಸಾ ಹೇರ್‌ಸ್ಟೈಲ್ ಬಗ್ಗೆ. ಈ ಪ್ಯಾರಾ ಓದಿ ನೀನು ಫೋನ್ ಮಾಡಿ 'ಏನೋ ಆಯ್ತು ನಿಂಗೆ, ಊಟ ಮಾಡಿದ್ಯಾ' ಅಂತ ಶುರು ಮಾಡಿದ್ರೆ ಕಟ್ ಮಾಡ್ತೀನಿ, ಈಗ್ಲೇ ಹೇಳಿದೀನಿ. ನಂಗೇನೂ ಆಗಿಲ್ಲ, ಊಟಾನೂ ಆಗಿದೆ, ಹೊಟ್ಟೆ ನೋಡಿದ್ರೆ ನಿಂಗೇ ಗೊತ್ತಾಗತ್ತೆ. ನಮ್ಮ ನಾಯಕ್ ಅವರ ಮುಂದೆ ಮಾತ್ರ ಈ ವಿಷಯ ಎತ್ಬೇಡ, ಅವರು ಮೊದಲೇ ನನ್ನ ಕವಿ ಅಂತ ಕರೀತಾರೆ. ಮತ್ತೆ ನಾನು ಪಾರ್ಟಿ ಬದಲಾಯಿಸಿದೆ ಅಂತ ಎಲ್ಲಾ ಕಡೆ ಡಂಗುರ ಹೊಡೀಬೇಡ, ನಾನು ಈಗ್ಲೂ ಮಿನ್ಮೇ ಪಾರ್ಟಿನೇ, ಮೊದ್ಲು ಅದು ಸ್ವಂತ ಮನೆ, ಈಗ ಬಾಡಿಗೆ ಮನೆ ಅಷ್ಟೇ.

ದಸರಾಕ್ಕೆ ಬರ್ತೀಯಲ್ಲ, ಆ ಕಡೆಯ ಭದರ್ವಾಹ್ ರಾಜ್ಮಾ ಕಾಳು ಎರಡು ಕೆಜಿ ತಗೊಂಡ್ ಬಾ. ಹೋದ್ಸಲದ್ದರಲ್ಲಿ ನಮ್ಮಮ್ಮ ಬಸ್ಸಾರು ಮಾಡಿದ್ಲು, ಚೆನ್ನಾಗಿತ್ತು ಅಂತ ನಿಂಗೆ ಹೇಳಕ್ಕೆ ಹೇಳಿದ್ದಾಳೆ, ಹೇಳಿದೀನಿ.

ನಿನ್ನ,
ಕವಿ