ಟ್ರೋಫಿ ಬೇಡ, ಹಾಲ್ ಕೊಡಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಹದಿಹರೆಯದ ಹುಡುಗ ಹುಡುಗಿಯರು ವಾರಕ್ಕೊಮ್ಮೆ ಸೇರಿ ಕುಣಿಯುವ ಗುಂಪೊಂದನ್ನು ನೋಡಿಕೊಳ್ಳುತ್ತೇನೆ. ನಾನು ಡ್ಯಾನ್ಸ್ ಮಾಸ್ಟರ್ ಏನಲ್ಲ. ಹಾಲ್ ಬೀಗ ತೆಗೆಯುವುದು, ಸ್ಪೀಕರ್ ಜೋಡಿಸುವುದು, ಜನ ಕಡಿಮೆ ಬಿದ್ದರೆ ನಾನೂ ಸೇರಿಕೊಳ್ಳುವುದು, ಅಷ್ಟೇ. ಯುವಜನರಿಗಾಗಿ ಈ ವರ್ಷವೂ ನೃತ್ಯ ಸ್ಪರ್ಧೆ ಇಡುತ್ತೀರಂತೆ. ಒಳ್ಳೆಯ ಮನಸ್ಸಿನಿಂದಲೇ ಇಡುತ್ತೀರಿ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ದುಡ್ಡಿಗೆ ಇನ್ನೂ ಒಳ್ಳೆಯ ದಾರಿ ಇದೆ.

ಸ್ಪರ್ಧೆಗೆ ಬರುವವರು ಯಾರು ಹೇಳಿ? ಮೊದಲೇ ಚೆನ್ನಾಗಿ ಕುಣಿಯುವವರು, ವೇದಿಕೆಗೆ ಹೆದರದವರು. ನಾನು ಬರೆಯುತ್ತಿರುವುದು ಉಳಿದವರ ಪರವಾಗಿ.

ನಮ್ಮಲ್ಲಿಗೆ ಬಂದ ಹುಡುಗನೊಬ್ಬ ಮೂರು ವಾರ ಹೆಗಲಿನ ಬ್ಯಾಗನ್ನೇ ಇಳಿಸಲಿಲ್ಲ. ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಿರುತ್ತಿದ್ದ. ಬಾ ಬಾ ಎಂದು ಯಾರೂ ಎಳೆಯಲಿಲ್ಲ. ಶುರುವಿನಲ್ಲಿ ನಾವು ಒಂದು ಆಟ ಆಡುತ್ತೇವೆ. ಎಲ್ಲರೂ ದುಂಡಗೆ ನಿಂತು, ಒಬ್ಬೊಬ್ಬರೇ ತೋಚಿದ್ದನ್ನು ಮಾಡಿ ತೋರಿಸಬೇಕು, ಮಿಕ್ಕವರು ಅದನ್ನೇ ಮಾಡಬೇಕು. ನಾಲ್ಕನೇ ವಾರ ಜನ ಜಾಸ್ತಿಯಾಗಿ ಆ ಸುತ್ತು ಅವನವರೆಗೂ ಬಂತು. ಗಾಬರಿಯಲ್ಲಿ ಒಂದು ಭುಜ ಕುಣಿಸಿ "ನಂಗೆ ಬರಲ್ಲ" ಅಂದ. ಇಪ್ಪತ್ತು ಜನ ಒಟ್ಟಿಗೆ ಭುಜ ಕುಣಿಸಿ "ನಂಗೆ ಬರಲ್ಲ" ಅಂದರು! ಅವನಿಗೇ ನಗು ತಡೆಯಲಾಗಲಿಲ್ಲ. ಬ್ಯಾಗ್ ಕೆಳಗಿಟ್ಟ. ಆ ಭುಜದ ಕುಣಿತ ನಮ್ಮ ನೃತ್ಯದಲ್ಲಿ ಇವತ್ತಿಗೂ ಇದೆ. ಈಗ ಹೊಸಬರು ಬಂದರೆ ಬಾಗಿಲ ಹತ್ತಿರ ಹೋಗಿ ಸುಮ್ನೆ ಜೊತೆಗೆ ನಿಲ್ಲುವವನು ಅವನೇ.

ಒಬ್ಬನ ಕಥೆ ಅಂತ ತಳ್ಳಿಹಾಕಬೇಡಿ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರೆಜಿಲ್‌ನಲ್ಲಿ 264 ಮಂದಿ ಎಳೆಯರನ್ನು ಗುಂಪುಗುಂಪಾಗಿ ಕುಣಿಸಿ ನೋಡಿದರು. ಕೆಲವು ಗುಂಪುಗಳಲ್ಲಿ ಎಲ್ಲರದೂ ಒಂದೇ ಹೆಜ್ಜೆ, ಕೆಲವು ಗುಂಪುಗಳಲ್ಲಿ ಒಬ್ಬೊಬ್ಬರದು ಒಂದೊಂದು. ಒಂದೇ ಹೆಜ್ಜೆ ಹಾಕಿದವರಿಗೆ ತಮ್ಮ ಗುಂಪು ಹೆಚ್ಚು ಹತ್ತಿರವೆನಿಸಿತು. ತೋಳಿಗೆ ಬಿ.ಪಿ. ನೋಡುವ ಪಟ್ಟಿ ಬಿಗಿದು ಪರೀಕ್ಷಿಸಿದಾಗ, ನೋವು ತಡೆಯುವ ಶಕ್ತಿಯೂ ಜಾಸ್ತಿಯಾಗಿತ್ತು. ಇದು ಪ್ರಕಟವಾಗಿದ್ದು 2015ರಲ್ಲಿ.

2003ರಲ್ಲಿ ಬರ್ಲಿನ್‌ನಲ್ಲಿ ನಡೆದದ್ದು ಇನ್ನೂ ದೊಡ್ಡದು. ನೃತ್ಯ ನಿರ್ದೇಶಕ ರಾಯ್ಸ್ಟನ್ ಮಾಲ್ಡೂಮ್ ಸುಮಾರು 250 ಶಾಲಾ ಮಕ್ಕಳನ್ನು ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಜೊತೆ ಸ್ಟ್ರಾವಿನ್‌ಸ್ಕಿಯ ಸಂಗೀತಕ್ಕೆ ಕುಣಿಸಿದರು. ಬಹಳಷ್ಟು ಮಕ್ಕಳಿಗೆ ಕುಣಿತವೇ ಹೊಸದು. ಮಾಲ್ಡೂಮ್ ಮುದ್ದು ಮಾಡುವ ಪೈಕಿ ಅಲ್ಲ, ಶಿಸ್ತಿನ ಮನುಷ್ಯ. ನನಗೆ ಅದೇ ಸರಿ ಅನ್ನಿಸುತ್ತದೆ. ಏನು ಮಾಡಿದರೂ "ಸೂಪರ್, ಸೂಪರ್" ಅಂದರೆ ಧೈರ್ಯ ಬರುವುದಿಲ್ಲ. ಅದು ಬರೀ ಬಾಯಿಮಾತು ಅಂತ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಕಷ್ಟದ ಹೆಜ್ಜೆಯೊಂದು ಎಲ್ಲರ ಜೊತೆ ಕೂಡಿಬಂದಾಗ ಯಾರೂ ಹೊಗಳಬೇಕಾಗಿಲ್ಲ, ಅಲ್ವಾ?

ಹಾಗಾಗಿ ಕೇಳುವುದು ಇಷ್ಟು. ಖಾಲಿ ಬಿದ್ದಿರುವ ಸರ್ಕಾರಿ ಸಭಾಂಗಣವೊಂದನ್ನು ವಾರಕ್ಕೆರಡು ಸಂಜೆ, ವರ್ಷವಿಡೀ ಬಿಟ್ಟುಕೊಡಿ. ನೃತ್ಯ ಗೊತ್ತಿರುವ ಒಬ್ಬ ಶಿಕ್ಷಕರಿಗೆ ತಿಂಗಳು ತಿಂಗಳು ಸರಿಯಾಗಿ ಸಂಬಳ ಕೊಡಿ. ಪುಕ್ಕಟೆ ಸೇವೆ ಅಂದುಕೊಂಡು ಬಂದವರು ಮೂರು ತಿಂಗಳಿಗೆ ಸುಸ್ತಾಗುತ್ತಾರೆ, ಮಕ್ಕಳು ಮತ್ತೆ ಚದುರುತ್ತಾರೆ. ಆಯ್ಕೆ ಪರೀಕ್ಷೆ ಮಾತ್ರ ದಯವಿಟ್ಟು ಬೇಡ. ಗಾಲಿಕುರ್ಚಿಯಲ್ಲಿ ಬರುವವರಿಗೂ ಬಾಗಿಲು ದಾಟಲು ಇಳಿಜಾರು ಇರಲಿ.

ಇನ್ನೊಂದು ಮಾತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ವಿಷಯದಲ್ಲಿ ನೆಲ ನಿಜಕ್ಕೂ ಡೊಂಕೇ. ಬರೀ ಕಾಂಕ್ರೀಟ್, ಒಂದು ಮೂಲೆ ತಗ್ಗು. ಜಿಗಿದು ಇಳಿದಾಗಲೆಲ್ಲ ಮಂಡಿ ಚುರ್ ಅನ್ನುತ್ತದೆ. ಹಾಲ್ ಕೊಡುವಾಗ ಮರದ ಹಲಗೆಯ ನೆಲ ಹಾಕಿಸಿಕೊಡಿ. ಎಂಜಿನಿಯರ್ ಅವರನ್ನು ಕಳಿಸುವ ಮೊದಲು ಒಂದು ಸಂಜೆ ನೀವೇ ಬನ್ನಿ. ಕುಣಿಯಲೇಬೇಕು ಅಂತೇನಿಲ್ಲ, ಬಾಗಿಲ ಪಕ್ಕ ನಿಂತಿರಬಹುದು.

ಇಂತಿ,
ಹಾಲ್ ಬೀಗದ ಕೈ ಇಟ್ಟುಕೊಂಡಿರುವ ನಿಮ್ಮ ಮತದಾರ